ನಂದಿಧ್ವಜದ ಮುನ್ನಡೆ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಾಠ)



ಮೈಸೂರಿನ ವಿಜಯದಶಮಿಯ ಮೆರವಣಿಗೆಯೆಂದೊಡನೆ ಜನರ ಕಣ್ಣ ಮುಂದೆ ಬಂದು ನಿಲ್ಲುವುದು ಆನೆ. ಆನೆಯ ಮೇಲಣ ಚಿನ್ನದ ಅಂಬಾರಿ. ಅದು ಸಹಜವೇ ಸರಿ. ಸುಮಾರು ೭೫೦ ಕಿಲೋಗ್ರಾಂ ತೂಕದ ಆ ಅಂಬಾರಿಯನ್ನು ಹೊತ್ತು, ಲಕ್ಷಾಂತರ ಜನರ ಕೂಗಿಗೆ ಬೆದರದೆ, ಅರಮನೆಯಿಂದ ಬನ್ನಿಮಂಟಪದವರೆಗೆ ಐದು ಕಿಲೋಮೀಟರುಗಳಷ್ಟು ದಾರಿಯನ್ನು ಗಂಭೀರವಾಗಿ ನಡೆಯುವ ಗಜರಾಜನನ್ನು ನೋಡುವುದಕ್ಕೆ ಯಾರ ಮನಸ್ಸು ತಾನೆ ಹಾತೊರೆಯುವುದಿಲ್ಲ? ಆದರೆ ಮೆರವಣಿಗೆಗೆ ಕಡೆಯೊಂದಿರುವಂತೆ ಮೊದಲೊಂದಿರುವುದು. ಅಂಬಾರಿ ಬರುವುದು ಎಲ್ಲಕ್ಕೂ ಕೊನೆಗೆ. ಎಲ್ಲಕ್ಕೂ ಮೊದಲು, ಅರಮನೆಯ ಬಲರಾಮ ದ್ವಾರದಲ್ಲಿ ಪೂಜೆಗೊಂಡು, ಬೀದಿಗೆ ಮೊದಲ ಹೆಜ್ಜೆಯಿಡುವುದು ನಂದಿಧ್ವಜ. ಅದನ್ನು ಹೊತ್ತವನ ಮುಖವನ್ನು ನೆನಪಿನಲ್ಲಿಟ್ಟುಕೊಂಡು ಮನೆಗೆ ಹಿಂದಿರುಗಿದವರು ಬಹಳ ಮಂದಿ ಇರಲಾರರು.

ಅಂತಹ ಒಬ್ಬ ಧ್ವಜಧಾರಿಯ ಸ್ಮರಣೆಗಳೇ ಈ ದಿನದ ಉಪನ್ಯಾಸದ ವಿಷಯ. ಆ ಹಿರಿಯರು ಶ್ರೀಮಠದ ಭಕ್ತರು. ಶಿವರಾತ್ರಿಗೆ ಬಂದಾಗಲೆಲ್ಲ ದಾಸೋಹದ ಮನೆಯ ಜಗುಲಿಯಲ್ಲಿ ಕುಳಿತು ಮರಿಗಳ ಮುಂದೆ ಆಗಾಗ ಹೇಳಿದ ಮಾತುಗಳನ್ನೇ ಇಲ್ಲಿ ಒಂದೆಡೆ ಸೇರಿಸಲಾಗಿದೆ. ತಮ್ಮ ಹೆಸರನ್ನು ಎತ್ತಕೂಡದೆಂಬುದು ಅವರ ಕಟ್ಟಪ್ಪಣೆ. ಆದುದರಿಂದ ಅವರನ್ನು ಇಲ್ಲಿ ಹಿರಿಯರೆಂದೇ ಕರೆಯಲಾಗುವುದು.

ಮೊದಲು ಎರಡು ಮಾತು ಚರಿತ್ರೆ. ವಿಜಯನಗರದ ಅರಸರ ಮಹಾನವಮಿಯ ಪರಂಪರೆಯನ್ನು ಹಿಡಿದು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಮಹೋತ್ಸವವನ್ನು ಆರಂಭಿಸಿದರು. ೧೭೯೯ರ ತರುವಾಯ ರಾಜಧಾನಿಯು ಮೈಸೂರಿಗೆ ಬಂದಿತು. ಉತ್ಸವವೂ ಅದರೊಡನೆ ಬಂದಿತು. ಮರದ ಹಳೆಯ ಅರಮನೆಯು ೧೮೯೭ರಲ್ಲಿ ಬೆಂಕಿಗೆ ಆಹುತಿಯಾಗಿ, ಈಗ ನಿಂತಿರುವ ಅರಮನೆಯು ೧೯೧೨ರಲ್ಲಿ ಪೂರ್ಣವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದ ಮೆರವಣಿಗೆಯ ವೈಭವವನ್ನು ಆ ಅರಮನೆಯ ಕಲ್ಯಾಣಮಂಟಪದ ಗೋಡೆಗಳ ಮೇಲಿನ ಚಿತ್ರಗಳಲ್ಲಿ ಇಂದಿಗೂ ಕಾಣಬಹುದು. ಇಷ್ಟು ಸಾಕು. ಉಳಿದುದನ್ನು ಗ್ರಂಥಗಳು ಹೇಳುತ್ತವೆ. ಹಿರಿಯರು ಹೇಳಿದುದನ್ನು ಗ್ರಂಥಗಳು ಹೇಳುವುದಿಲ್ಲ.

ನಂದಿಧ್ವಜವೆಂದರೇನೆಂಬುದನ್ನು ಇಲ್ಲಿ ನೆರೆದವರಿಗೆ ವಿವರಿಸಬೇಕಾದ ಅವಶ್ಯಕತೆಯಿಲ್ಲವಾದರೂ, ಪಟ್ಟಣದಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುವುದು ಉಚಿತ. ಮೂರಾಳೆತ್ತರಕ್ಕೆ ಕಡಮೆಯಿಲ್ಲದ ಬಲಿತ ಬಿದಿರು, ಅದಕ್ಕೆ ಮೇಲಿನಿಂದ ಕೆಳಕ್ಕೆ ಸುತ್ತಿದ ಹಿತ್ತಾಳೆಯ ತಗಡು ಮತ್ತು ಬಿಲ್ಲೆಗಳು, ತುದಿಯಲ್ಲಿ ಕಳಶ, ರೇಷ್ಮೆಯ ಧ್ವಜ, ಕೆಳಗೆ ಬಸವನ ಮೂರ್ತಿ, ನಡುನಡುವೆ ಗೆಜ್ಜೆ. ಊರಿಂದೂರಿಗೆ ಅಲಂಕಾರದ ಕ್ರಮ ಸ್ವಲ್ಪ ಸ್ವಲ್ಪ ಬೇರೆ. ಹೊರುವವನು ನಡುವಿಗೆ ದಪ್ಪ ಬಟ್ಟೆಯ ಕಟ್ಟೊಂದನ್ನು ಬಿಗಿದು, ಅದರ ಮುಂಭಾಗದ ಚೀಲದಲ್ಲಿ ಕೋಲಿನ ಬುಡವನ್ನು ಊರಿ, ಸಮಾಳದ ಪೆಟ್ಟಿಗೆ ಹೆಜ್ಜೆ ಹಾಕುತ್ತ ನಡೆಯಬೇಕು. ಸೊನ್ನಲಿಗೆಯಲ್ಲಿ, ಎಂದರೆ ಈಗಿನ ಸೊಲ್ಲಾಪುರದಲ್ಲಿ, ಶ್ರೀ ಸಿದ್ಧರಾಮೇಶ್ವರರ ಮಕರ ಸಂಕ್ರಾಂತಿಯ ಯಾತ್ರೆಗೆ ಹೋಗಿಬಂದವರು ಏಳು ನಂದಿಧ್ವಜಗಳು ಒಂದರ ಹಿಂದೊಂದು ಸಾಗುವುದನ್ನು ಕಂಡಿರುವರು. ಮೈಸೂರಿನಲ್ಲಿ ಅಷ್ಟು ಧ್ವಜಗಳಿಲ್ಲ. ಆದರೆ ಆನೆ, ಕುದುರೆ, ವಾದ್ಯ, ಸ್ತಬ್ಧಚಿತ್ರಗಳೆಲ್ಲಕ್ಕೂ ಮುಂದೆ ಇವು ನಡೆಯಬೇಕೆಂಬ ನಿಯಮವುಂಟು.

ಹಿರಿಯರ ಊರು ಮೈಸೂರಿನಿಂದ ನಂಜನಗೂಡಿನ ದಾರಿಯಲ್ಲಿ ಎರಡು ಹರದಾರಿ. ಅವರು ಮೊದಲ ಸಲ ಜಂಬೂಸವಾರಿಯನ್ನು ನೋಡಿದುದು ೧೯೫೧ರಲ್ಲಿ, ಹತ್ತನೆಯ ವಯಸ್ಸಿನಲ್ಲಿ. ಹಿಂದಿನ ದಿನವೇ ಗಾಡಿ ಕಟ್ಟಿ, ರೊಟ್ಟಿ ಬುತ್ತಿಗಳನ್ನು ತೆಗೆದುಕೊಂಡು, ಇಡೀ ಓಣಿಯ ಜನ ಹೊರಟಿತು. ತಂದೆ ಧ್ವಜ ಹೊರುವವರ ಮೇಳದಲ್ಲಿದ್ದುದರಿಂದ ಬೆಳಗಿನ ಜಾವದಲ್ಲಿಯೇ ಲಿಂಗಪೂಜೆ ಮುಗಿಸಿ ಅರಮನೆಯ ಕಡೆಗೆ ಹೋದರು. ಹುಡುಗ ತಾಯಿಯೊಡನೆ ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿ ಕುಳಿತನು. ಮಧ್ಯಾಹ್ನದ ಬಿಸಿಲು. ದೇವರಾಜ ಮಾರುಕಟ್ಟೆಯ ಮಾಡಿನ ಮೇಲೆ ಜನ, ಮರದ ಕೊಂಬೆಯ ಮೇಲೆ ಜನ. ಕುಶಾಲ ತೋಪುಗಳು ಒಂದೊಂದಾಗಿ ಇಪ್ಪತ್ತೊಂದು ಹಾರಿದುವು. ಹುಡುಗನು ಎಣಿಸುತ್ತ ಎಣಿಸುತ್ತ ಹದಿನಾಲ್ಕಕ್ಕೆ ತಪ್ಪಿದನು; ಏಕೆಂದರೆ ಅಷ್ಟರಲ್ಲಿ ತಂದೆಯ ಕೋಲಿನ ಗೆಜ್ಜೆಯ ಸದ್ದು ಹತ್ತಿರ ಬಂದಿತ್ತು. ತಂದೆ ಮಗನ ಮುಂದೆಯೇ ಹಾದುಹೋದರು. ಮಗ ಕೂಗಿದನು. ತಂದೆ ತಿರುಗಿ ನೋಡಲಿಲ್ಲ. ಅಂದಿನ ಸಂಜೆಯವರೆಗೂ ಹುಡುಗನು ಅದೇ ದುಃಖದಲ್ಲಿದ್ದುದರಿಂದ, ಅಂಬಾರಿಯಲ್ಲಿ ಕುಳಿತು ಬಂದ ಮಹಾರಾಜ ಜಯಚಾಮರಾಜ ಒಡೆಯರವರನ್ನು ಕಂಡುದು ನಿಜವಾದರೂ, ಅವರ ಮುಖಕ್ಕಿಂತಲೂ ತಿರುಗದೆ ಹೋದ ತಂದೆಯ ಮುಖವೇ ಮನಸ್ಸಿನಲ್ಲಿ ನಿಂತಿತೆಂದು ಹಿರಿಯರು ಹೇಳುವುದುಂಟು.

ತಂದೆ ಏಕೆ ತಿರುಗಲಿಲ್ಲವೆಂಬುದು ಮಗನಿಗೆ ತಿಳಿದುದು ಹತ್ತು ವರ್ಷಗಳ ಮೇಲೆ, ತನ್ನ ನಡುವಿಗೆ ಕೋಲು ಬಂದಾಗ. ಸುಗ್ಗಿ ಮುಗಿದ ಕಣದಲ್ಲಿ ಬರಿಯ ಬಿದಿರನ್ನು ಹೊತ್ತು ಕಲಿತುದಾಯಿತು. ಮೊದಲು ನಿಲ್ಲುವುದು, ಆಮೇಲೆ ನಡೆಯುವುದು, ಕಡೆಗೆ ಕುಣಿಯುವುದು. ಕಲಿಕೆಯ ಗುಟ್ಟೆಲ್ಲವೂ ಒಂದೇ ಮಾತಿನಲ್ಲಿದ್ದಿತು: ಕಣ್ಣು ತುದಿಯಲ್ಲಿರಬೇಕು. ಕೋಲು ವಾಲುವುದು ಮೊದಲು ತುದಿಯಲ್ಲಿ ಕಾಣುವುದು. ನಡುವಿಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿರುವುದು. ಆದುದರಿಂದ ಧ್ವಜಧಾರಿಯು ಅರಮನೆಯ ಬಾಗಿಲಿನಿಂದ ಬನ್ನಿಮಂಟಪದವರೆಗೆ ಆಕಾಶವನ್ನು ನೋಡುತ್ತಲೇ ನಡೆಯುವನು. ೧೯೬೧ರ ವಿಜಯದಶಮಿಯಂದು ಹಿರಿಯರು ಮೊದಲ ಸಲ ಧ್ವಜ ಹೊತ್ತರು. "ಮೂವತ್ತು ವರುಷ ದಸರಾ ಮಾಡಿದೆ ಬುದ್ಧಿ, ಒಂದು ಸಲವೂ ನೋಡಲಿಲ್ಲ" ಎಂಬುದು ಅವರು ನಗುತ್ತ ಹೇಳುವ ಮಾತು.

ನೋಡದಿದ್ದರೂ ದಾರಿ ತಿಳಿಯುತ್ತಿದ್ದಿತು. ಅದು ಹೇಗೆಂದು ಮರಿಗಳು ಕೇಳಿದಾಗ ಅವರು ಕೊಟ್ಟ ಉತ್ತರವು ಬಹಳ ಸೊಗಸಾದುದು. ಕೋಟೆಯ ಬಾಗಿಲು ದಾಟಿದ ಕೂಡಲೆ ಸದ್ದು ಬೇರೆಯಾಗುವುದು. ಒಳಗೆ ಪೀಠಗಳ ಮೇಲೆ ಕುಳಿತವರು ಚಪ್ಪಾಳೆ ತಟ್ಟುವರು, ಹೊರಗೆ ನಿಂತವರು ಕೂಗುವರು. ಕೃಷ್ಣರಾಜ ವೃತ್ತದಲ್ಲಿ ಗಾಳಿ ನಾಲ್ಕು ಕಡೆಯಿಂದ ಬೀಸಿ ಧ್ವಜದ ರೇಷ್ಮೆಯನ್ನು ಎಳೆಯುವುದು. ಅಲ್ಲಿ ಪಾದವನ್ನು ಅಗಲಿಸಬೇಕು. ಮುಂದೆ ಮಾರುಕಟ್ಟೆ ಬಂದಿತೆಂಬುದನ್ನು ಮಲ್ಲಿಗೆ, ಮರುಗ, ಬಾಳೆಯ ಹಣ್ಣುಗಳ ವಾಸನೆ ಹೇಳುವುದು. ಆಸ್ಪತ್ರೆಯ ಬಳಿಗೆ ಬಂದಾಗ ಔಷಧಿಯ ವಾಸನೆ. ಅಲ್ಲಿ ಕಿಟಕಿಗಳಲ್ಲಿ ರೋಗಿಗಳು ನಿಂತು ಕೈಮುಗಿಯುವರೆಂದು ಇತರರು ಹೇಳಿ ಕೇಳಿದ್ದುದರಿಂದ, ಕಾಣದಿದ್ದರೂ ಎರಡು ಹೆಜ್ಜೆ ಹೆಚ್ಚಾಗಿ ಕುಣಿಯುವುದನ್ನು ಅವರು ರೂಢಿ ಮಾಡಿಕೊಂಡಿದ್ದರು. ಆಯುರ್ವೇದ ಕಾಲೇಜಿನ ವೃತ್ತವನ್ನು ಕಳೆದು ಬಿದಿರಿನ ಅಂಗಡಿಗಳ ಬೀದಿಗೆ ಬರುವ ವೇಳೆಗೆ ತೊಡೆಗಳು ನಡುಗತೊಡಗುವುವು. ಬನ್ನಿಮಂಟಪದ ಮಣ್ಣು ಅಂಗಾಲಿಗೆ ತಾಗಿದಾಗ ಕೋಲನ್ನು ಇಳಿಸಿ, ಕತ್ತನ್ನು ಕೆಳಗಿಳಿಸಿದರೆ, ಲೋಕವೇ ತಿರುಗುವಂತೆ ತೋರುವುದು.

ಮಹಾರಾಜರ ಕಾಲದಲ್ಲಿ ಸವಾರಿಯು ಬನ್ನಿಮಂಟಪಕ್ಕೆ ಮುಟ್ಟಿ, ಬನ್ನಿಯ ಪೂಜೆಯಾಗಿ, ಪಂಜಿನ ಬೆಳಕಿನಲ್ಲಿ ಅರಸರು ಕುದುರೆಯನ್ನೇರಿ ಹಿಂದಿರುಗುತ್ತಿದ್ದರೆಂದು ಹಿರಿಯರ ತಂದೆ ವರ್ಣಿಸುತ್ತಿದ್ದರು. ಆ ಕಾಲವು ಮುಗಿಯಿತು. ೧೯೭೧ರಲ್ಲಿ ಸಂವಿಧಾನದ ತಿದ್ದುಪಡಿಯಿಂದ ರಾಜಧನವೂ ರಾಜರೆಂಬ ಮಾನ್ಯತೆಯೂ ರದ್ದಾದುವು. ಅಂಬಾರಿಯಲ್ಲಿ ಅರಸರು ಕುಳಿತುಕೊಳ್ಳುವ ಪದ್ಧತಿ ನಿಂತಿತು. ಮುಂದೆ ನಾಡಿನ ಸರ್ಕಾರವೇ ಉತ್ಸವವನ್ನು ನಾಡಹಬ್ಬವಾಗಿ ನಡೆಸುವುದಕ್ಕೂ, ಅಂಬಾರಿಯಲ್ಲಿ ಶ್ರೀ ಚಾಮುಂಡೇಶ್ವರಿಯ ವಿಗ್ರಹವನ್ನು ಬಿಜಯಂಗೈಸುವುದಕ್ಕೂ ಮೊದಲಾಯಿತು. ನಂದಿಧ್ವಜಕ್ಕೆ ಮುಖ್ಯಮಂತ್ರಿಗಳು ಪೂಜೆ ಸಲ್ಲಿಸುವ ಕ್ರಮವು ಈಗ ಎಲ್ಲರಿಗೂ ಪರಿಚಿತವಾದುದು.

ಈ ಬದಲಾವಣೆಯ ಕಾಲದಲ್ಲಿ ಮೇಳದವರಲ್ಲಿ ದೊಡ್ಡ ಚರ್ಚೆಯಾಯಿತು. ಅರಸನಿಲ್ಲದ ಮೇಲೆ ನಾವೇಕೆ ಹೋಗಬೇಕೆಂದು ಕೆಲವರು. ದೇವಿಯ ಸವಾರಿಗೆ ನಂದಿ ಮುಂದಿರುವುದು ಇನ್ನೂ ಚೆನ್ನಲ್ಲವೆ ಎಂದು ಕೆಲವರು. ಹಿರಿಯರ ತಂದೆ ಆಗ ಹಾಸಿಗೆ ಹಿಡಿದಿದ್ದರು. "ನಮ್ಮ ಕೋಲು ಅರಸನ ಮುಂದೆ ನಡೆಯಿತೇ ಹೊರತು ಅರಸನಿಗಾಗಿ ನಡೆಯಲಿಲ್ಲ" ಎಂದು ಮಲಗಿದ್ದಲ್ಲಿಂದಲೇ ಹೇಳಿ ಚರ್ಚೆಯನ್ನು ನಿಲ್ಲಿಸಿದರು. ಈ ಮಾತಿನಲ್ಲಿ ಅಭಿಮಾನವು ಸ್ವಲ್ಪ ಹೆಚ್ಚಾಗಿಯೇ ಇದೆಯೆಂಬುದನ್ನು ಒಪ್ಪಬೇಕು. ಅರಮನೆಯ ಮರ್ಯಾದೆಯನ್ನು ಮೇಳದವರೂ ಬಯಸಿ ಪಡೆದವರೇ. ಆದರೂ ಆ ಒಂದು ಮಾತಿನಿಂದ ಧ್ವಜವು ಆ ವರ್ಷವೂ ಮನೆಯಿಂದ ಹೊರಟಿತು.

ಇನ್ನು ಹಿರಿಯರು ಎಲ್ಲರೆದುರಿಗೂ ಹೇಳದೆ, ಒಂದೇ ಒಂದು ಸಲ, ಸ್ವಾಮಿಗಳವರ ಸಮ್ಮುಖದಲ್ಲಿ ಹೇಳಿದ ಸಂಗತಿಗೆ ಬರಬೇಕು. ಈ ಸಂಪುಟದಲ್ಲಿ ಅದು ಸೇರಲೆಂಬುದು ಅವರದೇ ಇಚ್ಛೆ.

ಮೇಳದಲ್ಲಿ ಸಮಾಳ ಬಾರಿಸುವ ಹುಡುಗನೊಬ್ಬನಿದ್ದನು. ಗಟ್ಟಿಮುಟ್ಟಾದ ಮೈ, ಮಿತವಾದ ಮಾತು. ಅವನಿಗೆ ಕೋಲು ಹೊರಬೇಕೆಂಬ ಆಸೆ. ಕೆರೆಯ ಏರಿಯ ಮೇಲೆ ರಾತ್ರಿಯ ಹೊತ್ತು ಬಿದಿರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡುತ್ತಿದ್ದುದನ್ನು ಊರಿನವರೆಲ್ಲ ಕಂಡಿದ್ದರು. ಹಿರಿಯರ ಬಳಿಗೆ ಬಂದು ಆರು ವರ್ಷ ಬೇಡಿದನು. ಆರು ವರ್ಷವೂ ಹಿರಿಯರು ಆಗದೆಂದರು. ಹೊರಗೆ ಹೇಳಿದ ಕಾರಣ: ಇನ್ನೂ ವಯಸ್ಸಾಗಿಲ್ಲ. ಒಳಗಿದ್ದ ಕಾರಣ: ಆ ಹುಡುಗನ ಮನೆತನಕ್ಕೆ ಲಿಂಗದೀಕ್ಷೆಯಾದುದು ಅವನ ಅಜ್ಜನ ಕಾಲದಲ್ಲಿ, ಧ್ವಜ ಹೊರುವ ಮನೆಗಳು ಊರಿನಲ್ಲಿ ನಾಲ್ಕೇ ನಾಲ್ಕು, ಅವನ ಮನೆ ಅವುಗಳಲ್ಲೊಂದಲ್ಲ. ಕೊರಳಲ್ಲಿ ಲಿಂಗವನ್ನು ಧರಿಸಿಕೊಂಡು, ದೀಕ್ಷೆಗೆ ತಲೆಮಾರಿನ ಲೆಕ್ಕವನ್ನು ಹಿಡಿದೆನೆಂದು ಹೇಳುವಾಗ ಆ ವೃದ್ಧರ ಧ್ವನಿ ಅಡಗಿತು. ಬಸವಣ್ಣನವರ ಹೆಸರನ್ನು ಹೇಳಿಕೊಂಡು ಬದುಕುವ ನಮ್ಮ ಊರುಗಳಲ್ಲಿ ಇಂತಹ ಲೆಕ್ಕಗಳು ಎಷ್ಟು ಮನೆಗಳ ಒಳಗೋಡೆಯಲ್ಲಿ ಬರೆದಿವೆಯೋ!

ಅದು ದ್ರೋಣನೆಂಬ ಆನೆಯು ಅಂಬಾರಿ ಹೊರುತ್ತಿದ್ದ ವರ್ಷಗಳಲ್ಲೊಂದು. ಹಬ್ಬಕ್ಕೆ ಎಂಟು ದಿನ ಮುಂಚೆ ಹುಲ್ಲಿನ ಮೆದೆಯಿಂದ ಇಳಿಯುವಾಗ ಹಿರಿಯರು ಜಾರಿಬಿದ್ದು ಸೊಂಟಕ್ಕೆ ಪೆಟ್ಟಾಗಿತ್ತು. ಅದನ್ನು ಮನೆಯವರಿಗೆ ಹೊರತು ಯಾರಿಗೂ ಹೇಳಲಿಲ್ಲ. ಹೇಳಿದರೆ ಕೋಲು ಬೇರೊಬ್ಬನ ನಡುವಿಗೆ ಹೋಗುವುದು. ಅರಿಸಿನ ಎಣ್ಣೆಗಳನ್ನು ಬಿಸಿಮಾಡಿ ಹಚ್ಚಿ, ಅದರ ಮೇಲೆ ನಡುಕಟ್ಟನ್ನು ಎಂದಿಗಿಂತ ಬಿಗಿಯಾಗಿ ಸುತ್ತಿ ಹೊರಟರು. ಪೂಜೆ ಮುಗಿಯುವವರೆಗೆ ನೋವು ತಾಳಿತು. ಕೃಷ್ಣರಾಜ ವೃತ್ತದ ಗಾಳಿಯನ್ನೂ ದಾಟಿದರು. ಸ್ವಲ್ಪ ಹೊತ್ತಿಗೆ ಮುಂಚೆ ಹನಿ ಮಳೆ ಬಿದ್ದು ಬೀದಿ ಒದ್ದೆಯಾಗಿತ್ತು. ಹಿಂದಿನಿಂದ ತೂರಿದ ಹೂವಿನ ಎಸಳುಗಳು ಕಾಲಿಗೆ ಅಂಟುತ್ತಿದ್ದುವು. ಮಾರುಕಟ್ಟೆಯ ವಾಸನೆ ಬರುತ್ತಿದ್ದಂತೆಯೇ ಎಡಗಾಲು ಜಾರಿತು.

ಬಿದ್ದುದು ಮೈಯಲ್ಲ, ಸೊಂಟದಲ್ಲಿ ಏನೋ ಕಡಿದಂತಾಗಿ ನಡುವಿನ ಹಿಡಿತ ತಪ್ಪಿತು. ತುದಿಯ ಕಳಶವು ಆಕಾಶದಲ್ಲಿ ಎಡಕ್ಕೆ ಸರಿಯುವುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಎಡಗಡೆಯಲ್ಲಿ ಏನಿದೆಯೆಂಬುದೂ ತಿಳಿದಿತ್ತು. ಅವರೇ ಹತ್ತನೆಯ ವಯಸ್ಸಿನಲ್ಲಿ ಕುಳಿತಿದ್ದ ಬದಿಯದು. ಮುಂದಿನ ಸಾಲಿನಲ್ಲಿ ಯಾವಾಗಲೂ ಮಕ್ಕಳು ಕುಳಿತಿರುವರು. ಕೂಗಬೇಕೆಂದರೆ ಬಾಯಿ ಬರಲಿಲ್ಲ. ಆ ಕ್ಷಣದಲ್ಲಿ ಸಮಾಳದ ಸದ್ದು ನಿಂತುಹೋಯಿತು. ನಿಂತುದಕ್ಕೆ ಕಾರಣ, ಬಾರಿಸುವವನು ಕೈಯ ಕೋಲುಗಳನ್ನು ಬಿಸುಟು ಎಡಗಡೆಗೆ ನುಗ್ಗಿ, ವಾಲುತ್ತಿದ್ದ ಧ್ವಜಕ್ಕೆ ಹೆಗಲು ಕೊಟ್ಟಿದ್ದನು. ಹಿತ್ತಾಳೆಯ ಅಂಚು ತಾಗಿ ಭುಜ ಹರಿದು ರಕ್ತ ಬಂದಿತು. ಕೋಲು ನಿಂತಿತು. ಮೆಲ್ಲನೆ ನೆಟ್ಟಗಾಯಿತು. ನೋಡುತ್ತಿದ್ದ ಜನ ಇದನ್ನು ಕುಣಿತದ ಒಂದು ಚಮತ್ಕಾರವೆಂದೇ ತಿಳಿದು ಕೈ ತಟ್ಟಿದರು. ಇನ್ನೊಮ್ಮೆ ಮಾಡೆಂದು ಕೂಗಿದವರೂ ಉಂಟಂತೆ.

ಮೇಳದ ಇತರರು ಓಡಿಬಂದರು. ನಾಲ್ಕು ಮನೆಗಳವನೊಬ್ಬನು ಕೋಲಿಗೆ ಕೈಚಾಚಿದನು. ಅದು ಅವನ ಹಕ್ಕು. ಹಿರಿಯರು ಅವನನ್ನು ತಡೆದು, ತಮ್ಮ ನಡುಕಟ್ಟಿನ ಗಂಟನ್ನು ಬಿಚ್ಚತೊಡಗಿದರು. ಬೆವರಿಗೂ ಮಳೆಗೂ ನೆನೆದ ಗಂಟು ಬೇಗ ಬಿಚ್ಚಲಿಲ್ಲ. ಹಿಂದಿನಿಂದ ವಾದ್ಯಗಳವರು ಒತ್ತಿಕೊಂಡು ಬರುತ್ತಿದ್ದರು. ಮೆರವಣಿಗೆಯ ವ್ಯವಸ್ಥೆಯವರು ಮುಂದೆ ನಡೆಯಿರೆಂದು ಗದರುತ್ತಿದ್ದರು. ಹುಡುಗನ ಎರಡು ಕೈಗಳೂ ಕೋಲಿನ ಮೇಲಿದ್ದುದರಿಂದ ಅವನು ತಾನೇ ಕಟ್ಟಿಕೊಳ್ಳುವಂತಿರಲಿಲ್ಲ. ಕಡೆಗೆ ಗಂಟು ಬಿಚ್ಚಿತು. ನೋವಿನ ಸೊಂಟವನ್ನು ಬಾಗಿಸಿ, ಒದ್ದೆಯ ಬೀದಿಯಲ್ಲಿ ಮೊಣಕಾಲೂರಿ, ಆರು ವರ್ಷ ಆಗದೆಂದವರೇ ಆ ಕಟ್ಟನ್ನು ಅವನ ನಡುವಿಗೆ ಸುತ್ತಿದರು.

ಆಮೇಲೆ ನಡೆದುದನ್ನು ಅವರು ನಗುತ್ತಲೇ ಹೇಳಿದರು. ಹುಡುಗನ ಸಮಾಳವನ್ನು ಯಾರಾದರೂ ಬಾರಿಸಬೇಕಷ್ಟೆ. ಹಿರಿಯರು ಅದನ್ನು ತಾವೇ ಕಟ್ಟಿಕೊಂಡರು. ಆದರೆ ಮೂವತ್ತು ವರ್ಷಗಳ ಕಾಲ ಆ ಪೆಟ್ಟಿಗೆ ಹೆಜ್ಜೆಯಿಟ್ಟವರಿಗೆ ಅದನ್ನು ಬಾರಿಸುವುದು ಮಾತ್ರ ಬರುತ್ತಿರಲಿಲ್ಲ. ಬನ್ನಿಮಂಟಪದವರೆಗೂ ತಾಳ ತಪ್ಪುತ್ತಲೇ ಇತ್ತು. ಅಂದು ಆ ಪೆಟ್ಟಿಗೆ ಹೆಜ್ಜೆ ಕೂಡಿಸುವುದು ಕೋಲು ಹೊರುವುದಕ್ಕಿಂತಲೂ ಕಷ್ಟವಾಯಿತೆಂದು ಹುಡುಗನು ಮುಂದೆ ಎಷ್ಟೋ ಸಲ ಪರಿಹಾಸ್ಯ ಮಾಡುತ್ತಿದ್ದನಂತೆ. ಸಮಾಳದವನಿಗೆ ತುದಿಯನ್ನು ನೋಡುವ ಕೆಲಸವಿಲ್ಲ. ಆದುದರಿಂದ ಹಿರಿಯರ ಕತ್ತು ಅಂದು ಮೊದಲ ಬಾರಿಗೆ ಆ ಬೀದಿಯಲ್ಲಿ ಕೆಳಗಿಳಿಯಿತು. ಆಸ್ಪತ್ರೆಯ ಕಿಟಕಿಗಳಲ್ಲಿ ಕೈಮುಗಿದು ನಿಂತವರನ್ನು ಅವರು ಕಂಡರು. ಒಬ್ಬ ಹೆಂಗಸು ಎಳೆಯ ಕೂಸನ್ನು ಎತ್ತಿ ಧ್ವಜದ ಕಡೆಗೆ ತೋರಿಸುತ್ತಿದ್ದಳು. ಮುಂದಿನ ವೃತ್ತದಲ್ಲಿ ತಿರುಗಿ ನೋಡಿದರೆ, ನೇರವಾದ ರಸ್ತೆಯ ಬಹು ದೂರದಲ್ಲಿ, ಜನದ ತಲೆಗಳ ಮೇಲೆ ತೇಲಿದಂತೆ, ಇಳಿಬಿಸಿಲಿನಲ್ಲಿ ಅಂಬಾರಿ ಹೊಳೆಯುತ್ತಿದ್ದಿತು.

ಮುಂದಿನ ವರ್ಷದಿಂದ ಹಿರಿಯರು ಧ್ವಜ ಹೊರಲಿಲ್ಲ. ಊರಿನಲ್ಲಿ ಮಾತು ಬೆಳೆಯಿತು. ನಾಲ್ಕು ಮನೆಗಳಲ್ಲಿ ಒಂದು ಮನೆಯವರು ಎರಡು ವರ್ಷ ಮೇಳಕ್ಕೆ ಬರದೆ ಉಳಿದರು. ಆ ಕಥೆಯನ್ನು ಬೆಳೆಸುವ ಅವಶ್ಯಕತೆಯಿಲ್ಲ. ಹುಡುಗನು ಹೊತ್ತನು, ಅವನಿಗೆ ಕಲಿಸುವುದೇನೂ ಉಳಿದಿರಲಿಲ್ಲ.

ಆನೆಗಳ ವಿಷಯದಲ್ಲಿ ಹಿರಿಯರಿಗೆ ವಿಶೇಷ ಮಮತೆ. ತಮ್ಮಂತೆಯೇ ಹೊರುವ ಕಾಯಕದವರೆಂದು ಅವರ ಭಾವನೆ. ದ್ರೋಣನು ೧೯೯೮ರಲ್ಲಿ ಕಾಡಿನ ಶಿಬಿರದಲ್ಲಿ ವಿದ್ಯುತ್ತಿನ ತಂತಿ ತಾಗಿ ಮಡಿದನೆಂಬ ಸುದ್ದಿ ಬಂದ ದಿನ ಅವರ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಅವನ ತರುವಾಯ ಬಲರಾಮ, ೨೦೧೨ರಿಂದ ೨೦೧೯ರವರೆಗೆ ಅರ್ಜುನ, ಅನಂತರ ಅಭಿಮನ್ಯು. ೨೦೨೩ರ ಡಿಸೆಂಬರಿನಲ್ಲಿ ಅರ್ಜುನನು ಕಾಡಾನೆಯೊಡನೆ ಕಾದಾಡಿ ಸತ್ತಾಗ, ವಿಶ್ರಾಂತಿಯ ವಯಸ್ಸಿನಲ್ಲಿ ಅವನನ್ನು ಅಂತಹ ಕೆಲಸಕ್ಕೆ ಕರೆದೊಯ್ದುದು ಸರಿಯೆ ಎಂದು ಅವರು ಮರಿಗಳನ್ನು ಕೇಳಿದರು. ಯಾರಲ್ಲಿಯೂ ಉತ್ತರವಿರಲಿಲ್ಲ.

೨೦೨೦ರಲ್ಲಿಯೂ ೨೦೨೧ರಲ್ಲಿಯೂ ಕೋವಿಡ್ ಸಾಂಕ್ರಾಮಿಕದ ದೆಸೆಯಿಂದ ಜಂಬೂಸವಾರಿಯು ಬೀದಿಗೆ ಬರಲಿಲ್ಲ. ಮಿತವಾದ ಜನರ ಮುಂದೆ ಅರಮನೆಯ ಆವರಣದೊಳಗೆಯೇ ಮುಗಿಯಿತು. ಅಭಿಮನ್ಯುವು ಮೊದಲ ಸಲ ಅಂಬಾರಿ ಹೊತ್ತುದು ಆ ೨೦೨೦ರಲ್ಲಿ. ಸಯ್ಯಾಜಿರಾವ್ ರಸ್ತೆಯಲ್ಲಿ ಅಂದು ಮಕ್ಕಳು ಕುಳಿತಿರಲಿಲ್ಲ, ಆಸ್ಪತ್ರೆಯ ಕಿಟಕಿಗಳ ಕೆಳಗೆ ಯಾರೂ ಕುಣಿಯಲಿಲ್ಲ. ಹಿರಿಯರು ಮನೆಯಲ್ಲಿ ಮೊಮ್ಮಕ್ಕಳೊಡನೆ ದೂರದರ್ಶನದ ಮುಂದೆ ಕುಳಿತಿದ್ದರು. ಈಗ ನಡುವಯಸ್ಸಿನವನಾಗಿರುವ ಆ ಹುಡುಗನೇ ಧ್ವಜ ಹೊತ್ತಿದ್ದನು. ಜನರ ಗದ್ದಲವಿಲ್ಲದುದರಿಂದ ಸಮಾಳದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿದ್ದಿತು. ಹಿರಿಯರು ಮೆಲ್ಲನೆ ಎದ್ದು ನಿಂತು ಎರಡು ಕೈಗಳನ್ನೂ ನಡುವಿನ ಬಳಿಗೆ ತಂದರು. ತೆರೆಯ ಮೇಲೆ ಧ್ವಜಧಾರಿಯ ಎದೆಯವರೆಗೆ ಮಾತ್ರ ಕಾಣುತ್ತಿದ್ದು, ಕೋಲಿನ ತುದಿಯು ಚೌಕಟ್ಟಿನಿಂದ ಹೊರಗೇ ಉಳಿದಿತ್ತು. ಮೊಮ್ಮಗಳು ತಾತನನ್ನು ನೋಡಿದಳು. ತಾತ ತೆರೆಯನ್ನು ನೋಡುತ್ತಿರಲಿಲ್ಲ. ಕತ್ತನ್ನೆತ್ತಿ, ರೆಪ್ಪೆ ಬಡಿಯದೆ, ಮನೆಯ ಮಾಡಿನ ಹೆಂಚುಗಳನ್ನು ನೋಡುತ್ತಿದ್ದರು.